ಸಂಘದ ನಾಯಕರನ್ನು ಪ್ರಶ್ನೆ ಕೇಳಿದರೆ ಸಂಘ ಒಡೆಯುತ್ತದಾ?

ನೀವು ಕೇಳಿರುವುದು ಇಷ್ಟು: ನೀವು ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕರು. ಶಿಕ್ಷಕರ ಸಂಘದ ತಾಲ್ಲೂಕು ಪದಾಧಿಕಾರಿಗಳನ್ನು ಏನಾದರೂ ಕೇಳಿದರೆ "ಸಂಘ ಒಡೆಯೋಕೆ ಬಂದಿದ್ದೀಯಾ" ಅಂತಾರೆ. ಸದಸ್ಯತ್ವ ಬಿಟ್ಟುಬಿಡೋಣ ಅನಿಸುತ್ತಿದೆ, ಇಂಥ ಸಂಘಗಳಿಗೆ ಮುಂದೆ ಭವಿಷ್ಯ ಇದೆಯಾ ಅಂತ.

ಬಿಡಬೇಡಿ ಸರ್. ವಂತಿಗೆ ಕಡಿತ ಬೇಡ ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಟ್ಟು ಹೊರಗೆ ಬರುವುದು ಸುಲಭ. ಆದರೆ ಹೊರಗೆ ಬಂದ ಮೇಲೆ ಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕೂ ಹೋಗುತ್ತದೆ. ಪ್ರಶ್ನೆ ಕೇಳುವವರೆಲ್ಲ ಹೀಗೆ ಒಬ್ಬೊಬ್ಬರಾಗಿ ಹೊರಗೆ ಬಂದರೆ ಒಳಗೆ ಉಳಿಯುವುದು ತಲೆ ಆಡಿಸುವವರು ಮಾತ್ರ. ನಾನು ಒಂದರಿಂದ ಏಳನೇ ತರಗತಿಗೆ ಅಂತ ನೇಮಕವಾದ ಶಿಕ್ಷಕಿ, ಕೆಲಸಕ್ಕೆ ಸೇರಿದಾಗಿನಿಂದ ಸದಸ್ಯೆ. ಸಂಘ ಬೇಕು ಅಂತಲೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಮೊದಲು, ಪ್ರಶ್ನೆ ಕೇಳಿದರೆ ಅವರಿಗೆ ಯಾಕೆ ಸಿಟ್ಟು ಬರುತ್ತದೆ ಅನ್ನುವುದನ್ನು ನೋಡೋಣ. ತಾಲ್ಲೂಕು ಮಟ್ಟದಲ್ಲಿ ಸಂಘದ ಕೆಲಸ ಅಂದರೆ ಬಹುತೇಕ ಫೈಲ್ ಓಡಿಸುವುದೇ. ಕಾಲಮಿತಿ ಬಡ್ತಿ, ಜಿಪಿಎಫ್ (ಭವಿಷ್ಯ ನಿಧಿ) ಸಾಲ, ಹೆರಿಗೆ ರಜೆಯ ಮಂಜೂರಾತಿ, ವೈದ್ಯಕೀಯ ವೆಚ್ಚದ ಮರುಪಾವತಿ, ಗಳಿಕೆ ರಜೆ ನಗದೀಕರಣ. ಇದರಲ್ಲಿ ಯಾವುದು ಕಚೇರಿಯಲ್ಲಿ ಫೈಲ್ ನೋಡುವ ಕೇಸ್ ವರ್ಕರ್ ಮೇಜಿನ ಮೇಲೆ ನಿಂತರೂ ನಾವು ಸಂಘದ ಕಾರ್ಯದರ್ಶಿಗೆ ಫೋನ್ ಮಾಡುತ್ತೇವೆ. ಅವರು ಹೋಗಿ ಮಾತಾಡುತ್ತಾರೆ, ಕೆಲಸ ಆಗುತ್ತದೆ. ಇದು ಸಣ್ಣ ಉಪಕಾರ ಅಲ್ಲ. ಹೋಬಳಿ ಮೂಲೆಯ ಏಕೋಪಾಧ್ಯಾಯ ಶಾಲೆಯವರು ಒಂದು ಸಹಿಗೋಸ್ಕರ ಶಾಲೆ ಮುಚ್ಚಿ ತಾಲ್ಲೂಕಿಗೆ ಬರಲು ಆಗುವುದಿಲ್ಲ ಅಲ್ವಾ.

ಆದರೆ ಹೀಗೆ ಆದ ಪ್ರತಿ ಕೆಲಸವೂ ಋಣವಾಗುತ್ತದೆ. ಮೊನ್ನೆ ತಾನೇ ನನ್ನ ಬಾಕಿ ವೇತನದ ಬಿಲ್ ಮಾಡಿಸಿಕೊಟ್ಟವರನ್ನು ಇವತ್ತು ಸಭೆಯಲ್ಲಿ "ಲೆಕ್ಕ ತೋರಿಸಿ" ಅಂತ ಕೇಳಲು ಬಾಯಿ ಬರುವುದಿಲ್ಲ. ಕೇಳಿದವರಿಗೆ ನಾಳೆ ತಮ್ಮ ಫೈಲ್ ನಿಂತೀತು ಅನ್ನುವ ಭಯ. ನನ್ನ ಪ್ರಕಾರ ನಮ್ಮ ಸಂಘಗಳ ದೊಡ್ಡ ಕಾಯಿಲೆ ಇದೇ. ಯಾರು ಅಧ್ಯಕ್ಷರಾದರು, ಯಾವ ಪ್ಯಾನೆಲ್ ಗೆದ್ದಿತು ಅನ್ನುವುದೆಲ್ಲ ಆಮೇಲಿನ ಮಾತು. ಎಲ್ಲರಿಗೂ ನಿಯಮದ ಪ್ರಕಾರ ತಾನಾಗಿ ಆಗಬೇಕಾದ ಕೆಲಸ ಒಬ್ಬೊಬ್ಬರಿಗೆ ಮಾಡಿಕೊಟ್ಟ ಸಹಾಯವಾಗಿ ಬದಲಾಗಿದೆ. ಸಹಾಯ ಮಾಡಿದವರನ್ನು ಪ್ರಶ್ನಿಸುವುದು ನಮ್ಮಲ್ಲಿ ಕೃತಘ್ನತೆ.

ಇದಕ್ಕೆ ದಾರಿ ಇದೆ. ನಮ್ಮ ಕಡೆ ಕೆಲವರು ಸೇರಿ ಒಂದು ಕೆಲಸ ಮಾಡಿದೆವು. 10, 15, 20 ವರ್ಷ ಸೇವೆ ಮುಗಿದು ಕಾಲಮಿತಿ ಬಡ್ತಿಗೆ ಅರ್ಹರಾದವರ ಪಟ್ಟಿ ಮಾಡಿದೆವು. ಹೆಸರು, ಶಾಲೆ, ಸೇವೆಗೆ ಸೇರಿದ ದಿನಾಂಕ, ಬಡ್ತಿ ಆಗಬೇಕಿದ್ದ ತಿಂಗಳು, ಇಷ್ಟೇ. ಎಲ್ಲರದೂ ಒಂದೇ ಹಾಳೆಯಲ್ಲಿ. ಅದನ್ನು ಸಂಘದ ಲೆಟರ್ ಹೆಡ್ಡಿನಲ್ಲೇ ಕೊಡಿಸಿ ಸ್ವೀಕೃತಿ ಪಡೆದೆವು. ಪದಾಧಿಕಾರಿಗಳು ಮೊದಲು ಹಿಂದೆ ಮುಂದೆ ನೋಡಿದರು, ಆಮೇಲೆ ಅವರೇ ಮುಂದೆ ನಿಂತರು. ಎಲ್ಲರ ಆದೇಶ ಒಟ್ಟಿಗೆ ಬಂತು. ಯಾರೂ ಯಾರಿಗೂ ಋಣಿ ಆಗಲಿಲ್ಲ. ಮುಂದಿನ ಸಭೆಯಲ್ಲಿ ಮಾತಾಡಿದವರ ಸಂಖ್ಯೆ ಜಾಸ್ತಿ ಆಯಿತು.

ಸಭೆ ಅಂದರೆ ನಿಮಗೂ ಗೊತ್ತಿರುತ್ತದೆ. ಶಿಕ್ಷಕರ ಭವನವಾದ ಗುರುಭವನದಲ್ಲಿ ಕಾರ್ಯಕ್ರಮ. ಸ್ವಾಗತ, ಹಾರ, ಶಾಸಕರ ಭಾಷಣ, ನಿವೃತ್ತರಿಗೆ ಸನ್ಮಾನ. ಊಟಕ್ಕೆ ಮುಂಚೆ ಖಜಾಂಚಿ ಎದ್ದು ಜಮಾ-ಖರ್ಚು ಓದುತ್ತಾರೆ. ಹಿಂದೆ ತಟ್ಟೆ ಲೋಟದ ಸದ್ದು. "ಎಲ್ಲರೂ ಒಪ್ಪಿದ್ದೀರಿ ಅಲ್ವಾ?" ಅಂತ ಕೇಳುವಷ್ಟರಲ್ಲಿ ಚಪ್ಪಾಳೆ. ಒಂದು ಸಲ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಎದ್ದು, "ಗುರುಭವನದ ಸಭಾಂಗಣ ಮದುವೆಗೆ ಬಾಡಿಗೆಗೆ ಕೊಡ್ತೀರಲ್ಲ ಸರ್, ಆ ದುಡ್ಡು ಈ ಲೆಕ್ಕದಲ್ಲಿ ಎಲ್ಲಿದೆ?" ಅಂತ ಕೇಳಿದಳು. ಅಷ್ಟೇ. ಸಭಾಂಗಣ ಗಪ್‌ಚುಪ್. ವೇದಿಕೆ ಮೇಲಿದ್ದ ಹಿರಿಯರೊಬ್ಬರು "ಊಟ ಆರುತ್ತೆ, ಆಮೇಲೆ ಮಾತಾಡೋಣ ತಾಯಿ" ಅಂದರು. ಅವಳು ಕೂರಲಿಲ್ಲ. ಪಕ್ಕದಲ್ಲಿದ್ದ ನಾವು ಕೆಲವರು ಎದ್ದು ನಿಂತೆವು. ಬಾಡಿಗೆ ಲೆಕ್ಕವನ್ನು ಬೇರೆಯಾಗಿ ಬರೆದು ಎಲ್ಲರಿಗೂ ಕಳಿಸುವುದಾಗಿ ಖಜಾಂಚಿ ಒಪ್ಪಿದರು, ಕಳಿಸಿದರು ಕೂಡ. ಸಂಘ ಒಡೆಯಲಿಲ್ಲ.

ಸಂಘ ಒಡೆಯುವುದು ಯಾವಾಗ ಗೊತ್ತಾ? ಕೇಳುವವರ ಮಾತನ್ನು ಒಳಗೆ ಕೇಳಿಸಿಕೊಳ್ಳದೆ ಇದ್ದಾಗ. ಪಿಂಚಣಿಯ ವಿಷಯವನ್ನೇ ತೆಗೆದುಕೊಳ್ಳಿ. 2006ರ ಏಪ್ರಿಲ್ 1ರಿಂದ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆಲ್ಲ ಎನ್‌ಪಿಎಸ್, ಅಂದರೆ ಹಳೆಯ ನಿಶ್ಚಿತ ಪಿಂಚಣಿಯ ಬದಲು ಸಂಬಳದಿಂದ ವಂತಿಗೆ ಕಟ್ಟುವ ಹೊಸ ಪಿಂಚಣಿ. ಆಗ ಎಲ್ಲಾ ಸಂಘಗಳ ಮುಂದಾಳುಗಳೂ ಅದಕ್ಕೂ ಮೊದಲು ಸೇರಿದವರು, ಅವರ ಪಿಂಚಣಿಗೆ ಏನೂ ಆಗಿರಲಿಲ್ಲ. ಹೊಸಬರ ನೋವು ಮನವಿ ಪತ್ರದ ಕೊನೆಯ ಸಾಲಿನಲ್ಲಿ ಎಲ್ಲೋ ಬರುತ್ತಿತ್ತು. ಕೊನೆಗೆ ಎನ್‌ಪಿಎಸ್ ನೌಕರರು ತಮ್ಮದೇ ಸಂಘ ಕಟ್ಟಿಕೊಂಡರು, 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅನಿರ್ದಿಷ್ಟಾವಧಿ ಧರಣಿ ಕೂತರು. ಅದರಲ್ಲಿ ಶಿಕ್ಷಕರೂ ಇದ್ದರು. ಹಳೆಯ ಸಂಘಗಳು ಈ ಬೇಡಿಕೆಯನ್ನು ಮೊದಲೇ ತಲೆ ಮೇಲೆ ಹೊತ್ತಿದ್ದರೆ ಇನ್ನೊಂದು ಸಂಘ ಬೇಕಾಗುತ್ತಲೇ ಇರಲಿಲ್ಲ.

ಅದಾದ ಮೇಲೆ 2023ರ ಮಾರ್ಚ್ 1. ಏಳನೇ ವೇತನ ಆಯೋಗ ಮತ್ತು ಹಳೆ ಪಿಂಚಣಿ, ಎರಡೂ ಬೇಕು ಅಂತ ರಾಜ್ಯ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟಾವಧಿ ಮುಷ್ಕರಕ್ಕೆ ಕರೆ ಕೊಟ್ಟಿತ್ತು. ಶಾಲೆಗಳೂ ಬಂದ್ ಆದವು. ಸರ್ಕಾರ ಶೇ. 17 ಮಧ್ಯಂತರ ಪರಿಹಾರ ಘೋಷಿಸಿತು, ಪಿಂಚಣಿಗೆ ಸಮಿತಿ ಅಂದಿತು. ಅದೇ ದಿನ ಮುಷ್ಕರ ವಾಪಸ್. ಆ ಶೇ. 17 ದೊಡ್ಡದೇ. ಮುಂದೆ 2024ರ ಆಗಸ್ಟ್ 1ರಿಂದ ಶೇ. 27.5 ಫಿಟ್‌ಮೆಂಟ್‌ (ವೇತನ ಹೆಚ್ಚಳ)ನೊಂದಿಗೆ ಪರಿಷ್ಕೃತ ವೇತನ ಜಾರಿಗೆ ಬಂತು. ಸಂಘಟನೆಗಳ ಒತ್ತಡ ಇಲ್ಲದೆ ಅದು ಬರುತ್ತಿರಲಿಲ್ಲ ಅಂತ ನಾನು ಖಂಡಿತ ಹೇಳುತ್ತೇನೆ. ಆದರೂ ಎನ್‌ಪಿಎಸ್‌ನಲ್ಲಿದ್ದವರು ಕೇಳಿದ ಪ್ರಶ್ನೆ ನ್ಯಾಯವಾದದ್ದು. ಎರಡು ಬೇಡಿಕೆಗೆ ಬೀದಿಗೆ ಇಳಿದು ಒಂದಕ್ಕೆ ವಾಪಸ್ ಹೋಗುವಾಗ ನಮ್ಮನ್ನು ಒಂದು ಮಾತು ಕೇಳಬಾರದಿತ್ತೇ?

ಬೇರೆ ಕಡೆ ಇದೇ ಪ್ರಶ್ನೆಗೆ ಬೇರೆ ಉತ್ತರ ಸಿಕ್ಕಿದ್ದೂ ಇದೆ. 2018ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಶಿಕ್ಷಕರು ಸಂಬಳ ಮತ್ತು ಆರೋಗ್ಯ ವಿಮೆಯ ವಿಷಯಕ್ಕೆ ಮುಷ್ಕರ ಹೂಡಿದರು. ಗವರ್ನರ್ ಜೊತೆ ಮಾತುಕತೆ ಆಗಿದೆ, ಶಾಲೆಗೆ ಹೋಗಿ ಅಂತ ನಾಯಕರು ಹೇಳಿದರೂ ಶಿಕ್ಷಕರು ಹೋಗಲಿಲ್ಲ. ಕಾನೂನು ಆಗಲಿ, ಆಮೇಲೆ ನೋಡೋಣ ಅಂತ ಕೂತರು. ಕೊನೆಗೆ ಶೇ. 5 ಸಂಬಳ ಹೆಚ್ಚಳದ ಮಸೂದೆಗೆ ಸಹಿ ಬಿದ್ದ ಮೇಲೆಯೇ ಎದ್ದರು. ನಾವೂ ಹಾಗೇ ಮಾಡಬೇಕು ಅಂತಲ್ಲ. ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕೇ ಇಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ 2003ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಹೇಳಿದೆ. ಶಿಸ್ತು ಕ್ರಮದ ಕತ್ತಿ ನಾಯಕರ ತಲೆ ಮೇಲೆ ಮೊದಲು ತೂಗುತ್ತದೆ. ಅವರು ರಾಜಿಗೆ ಬೇಗ ಒಪ್ಪುವುದಕ್ಕೆ ಇದೂ ಒಂದು ಕಾರಣ, ಅದನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಆದರೆ ರಾಜಿ ಮಾಡಿಕೊಳ್ಳುವ ಮುಂಚೆ ಜಿಲ್ಲಾ, ತಾಲ್ಲೂಕು ಘಟಕಗಳನ್ನು ಕೇಳುವುದಕ್ಕೆ ಯಾವ ಕೋರ್ಟೂ ಅಡ್ಡ ಬರುವುದಿಲ್ಲ.

ಇನ್ನು ಮುಂದಿನ ದಾರಿ. ಇಲ್ಲಿ ನನಗೆ ನಿಜವಾಗಿ ಆತಂಕ ಇದೆ. ನಾವು ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಬೇರೆ ಬೇರೆ ಬಣಗಳಾಗಿದ್ದೇವೆ. 2017ರ ವೃಂದ ಮತ್ತು ನೇಮಕಾತಿ ನಿಯಮ ಬಂದ ಮೇಲೆ 1ರಿಂದ 7ಕ್ಕೆ ಅಂತ ನೇಮಕವಾದ ನಮ್ಮನ್ನು 1ರಿಂದ 5ರ ವೃಂದಕ್ಕೆ ಇಳಿಸಿದರು. ಪದವಿ, ಬಿ.ಎಡ್ ಇದ್ದವರೂ, ವರ್ಷಗಟ್ಟಲೆ ಏಳನೇ ತರಗತಿಗೆ ಗಣಿತ ಹೇಳಿದವರೂ ಅದರಲ್ಲಿ ಸೇರಿದರು. 6ರಿಂದ 8ಕ್ಕೆ ಪದವೀಧರ ಶಿಕ್ಷಕರ (ಜಿಪಿಟಿ) ನೇರ ನೇಮಕಾತಿ ಶುರುವಾಯಿತು. ಇದರ ವಿರುದ್ಧ 2024ರ ಆಗಸ್ಟ್ 12ರಂದು ಫ್ರೀಡಂ ಪಾರ್ಕಿನಲ್ಲಿ ದೊಡ್ಡ ಹೋರಾಟ ಆಯಿತು. ಬೇಡಿಕೆ ನ್ಯಾಯವಾದದ್ದೇ. ಆದರೆ ಹೊಸದಾಗಿ ಬಂದ ಜಿಪಿಟಿ ಶಿಕ್ಷಕರಿಗೆ ತಮ್ಮ ಜ್ಯೇಷ್ಠತೆ ಏನಾಗುತ್ತದೆ ಅನ್ನುವ ಭಯ ಇದೆ. ಅವರನ್ನು ಕೂರಿಸಿಕೊಂಡು ಮಾತಾಡುವ ಕೆಲಸ ಯಾವ ಸಭೆಯಲ್ಲೂ ನಡೆದದ್ದನ್ನು ನಾನು ನೋಡಿಲ್ಲ. ಅತಿಥಿ ಶಿಕ್ಷಕರ ಮಾತಂತೂ ಬಿಡಿ. ನಮ್ಮಷ್ಟೇ ಪಾಠ ಮಾಡಿ ಗೌರವಧನಕ್ಕೆ ತಿಂಗಳುಗಟ್ಟಲೆ ಕಾಯುವವರು ನಮ್ಮ ಸಂಘದ ಬಾಗಿಲ ಹೊರಗೇ ಇದ್ದಾರೆ.

ಶಿಕ್ಷಕಿಯರ ವಿಷಯ ಹೇಳಲೇಬೇಕು. ಪ್ರಾಥಮಿಕ ಶಾಲೆಗಳಲ್ಲಿ ನಾವೇ ಜಾಸ್ತಿ. ಸಭೆ ಮಾತ್ರ ಶಾಲೆ ಬಿಟ್ಟ ಮೇಲೆ ಸಂಜೆ ಇಡುತ್ತಾರೆ. ಊರಿಗೆ ಹೋಗುವ ಕೊನೆ ಬಸ್ ಅಷ್ಟರಲ್ಲಿ ಹೊರಟಿರುತ್ತದೆ. ಮಹಿಳಾ ಉಪಾಧ್ಯಕ್ಷರ ಹೆಸರು ಲೆಟರ್ ಹೆಡ್ಡಿನಲ್ಲಿರುತ್ತದೆ, ಆದರೆ ಬೆಂಗಳೂರಿಗೆ ಮಾತುಕತೆಗೆ ಹೋಗುವ ನಿಯೋಗದಲ್ಲಿ ಅವರು ಇರುವುದು ಅಪರೂಪ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಧ್ಯಾಹ್ನ ಸಭೆ ಇಡಿ ಅಂತ ಕೇಳುವುದಕ್ಕೆ ದುಡ್ಡೇನೂ ಬೇಡ.

ಸ್ಟಾಫ್ ರೂಮಿನಲ್ಲಿ ದಿನಾ ಆಡುವ ಮಾತು ಮನವಿ ಪತ್ರಕ್ಕೆ ಬರುವುದಿಲ್ಲ ಅನ್ನುವುದೂ ಒಂದು ಕೊರತೆ. ಮಕ್ಕಳಿಗೆ ಕೊಡುವ ಮೊಟ್ಟೆಗೆ ಸರ್ಕಾರ 6 ರೂಪಾಯಿ ಲೆಕ್ಕ ಹಾಕಿತ್ತು. ಅಂಗಡಿಯಲ್ಲಿ ಬೆಲೆ ಏರಿದಾಗ ವ್ಯತ್ಯಾಸ ಹೋಗಿದ್ದು ಮುಖ್ಯ ಶಿಕ್ಷಕರ ಜೇಬಿನಿಂದ. 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ನಾವೇ ಮನೆ ಮನೆ ಸುತ್ತಿದೆವು, ಮುಗಿಯಲಿಲ್ಲ ಅಂತ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಶಿಕ್ಷಕರನ್ನು ಬಳಸಬಹುದಾದ ಬೇರೆ ಕೆಲಸ ಮೂರೇ: ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಇದನ್ನು ಹಿಡಿದು ಗಟ್ಟಿಯಾಗಿ ಮಾತಾಡುವ ಸಂಘ ಬೇಕು. ಪಾಠ ಮಾಡಲು ಬಿಡಿ ಅಂತ ಶಿಕ್ಷಕರೇ ಕೇಳಿದರೆ ಊರಿನ ಪೋಷಕರೂ ನಮ್ಮ ಜೊತೆ ನಿಲ್ಲುತ್ತಾರೆ. ಬರೀ ಸಂಬಳದ ಮಾತಾಡುವಾಗ ಅವರು ನಿಲ್ಲುವುದಿಲ್ಲ.

ಕೇಳುವುದು ಹೇಗೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಆಡಬೇಡಿ. ಅಲ್ಲಿ ಮಾತು ಜಾರಿ ಸರ್ಕಾರದ ಟೀಕೆಗೆ ಹೋದರೆ 2021ರ ನಡತೆ ನಿಯಮಗಳು ನಿಮ್ಮನ್ನೇ ಹಿಡಿಯುತ್ತವೆ. ಬೈಲಾ ಪ್ರತಿ ಕೇಳಿ ತೆಗೆದುಕೊಳ್ಳಿ. ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ನೋಂದಣಿ ಆಗಿದ್ದರೆ ವಾರ್ಷಿಕ ಮಹಾಸಭೆ ನಡೆಸಲೇಬೇಕು, ಲೆಕ್ಕಪತ್ರವನ್ನು ನೋಂದಣಾಧಿಕಾರಿಗೆ ಸಲ್ಲಿಸಲೇಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಅರ್ಜಿ ಕೊಟ್ಟರೆ 25ನೇ ಸೆಕ್ಷನ್ ಪ್ರಕಾರ ವಿಚಾರಣೆ ನಡೆಸಬೇಕಾಗುತ್ತದೆ. ಅಲ್ಲಿಯವರೆಗೆ ಹೋಗುವ ಅಗತ್ಯ ಬರದಿರಲಿ. ನಾಲ್ಕೈದು ಜನ ಸಹಿ ಹಾಕಿ, ಸಭೆಗೆ ಮೊದಲೇ, ಒಂದೇ ಪ್ರಶ್ನೆಯನ್ನು ಬರೆದು ಕೊಡಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

ಯಾವ ಪ್ರಶ್ನೆಯಿಂದ ಶುರು ಮಾಡಲಿ ಅಂತೀರಾದರೆ ಟಿಇಟಿಯಿಂದ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯಿಂದ ಶುರು ಮಾಡಿ. 2025ರ ಸೆಪ್ಟೆಂಬರ್ 1ರಂದು ಬಂದ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ನಿವೃತ್ತಿಗೆ 5 ವರ್ಷಕ್ಕಿಂತ ಜಾಸ್ತಿ ಸೇವೆ ಉಳಿದಿರುವ, 1ರಿಂದ 8ನೇ ತರಗತಿಗೆ ಪಾಠ ಮಾಡುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಅದಕ್ಕಿಂತ ಕಡಿಮೆ ಸೇವೆ ಇರುವವರು ಮುಂದುವರಿಯಬಹುದು, ಆದರೆ ಪಾಸಾಗದೆ ಬಡ್ತಿ ಇಲ್ಲ. ಇದು ಹಳಬರನ್ನೂ ಹೊಸಬರನ್ನೂ ಒಟ್ಟಿಗೆ ಕೂರಿಸುವ ವಿಷಯ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನಕ್ಕೆ ಇದು ತಟ್ಟುತ್ತದೆ, ಸಂಘ ಕಾನೂನಿನ ಕಡೆಯಿಂದ ಏನು ಮಾಡುತ್ತಿದೆ, ಪರೀಕ್ಷೆ ಬರೆಯಲೇಬೇಕಾದರೆ ರಜಾ ದಿನಗಳಲ್ಲಿ ಗುರುಭವನದಲ್ಲಿ ತಯಾರಿ ತರಗತಿ ನಡೆಸುತ್ತೀರಾ ಅಂತ ಕೇಳಿ. ಈಗಷ್ಟೇ ಟಿಇಟಿ ಪಾಸಾಗಿ ಸೇರಿದ ಹುಡುಗರು ಹಿರಿಯರಿಗೆ ಹೇಳಿಕೊಡಲು ತಯಾರಿದ್ದಾರೆ. ನಮ್ಮಲ್ಲಿ ಇಬ್ಬರು ಆಗಲೇ ಒಪ್ಪಿದ್ದಾರೆ.