ದಂಡದ ಮೊತ್ತಕ್ಕಿಂತ ಸಿಕ್ಕಿಬೀಳುವ ಖಾತ್ರಿ ಮುಖ್ಯ

ಮಾನ್ಯರೇ, 2019ರಲ್ಲಿ ದಂಡ ಏರಿದ ಮೇಲೂ ಬಳ್ಳಾರಿಯ ಸವಾರರು ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲಿಟ್ಟುಕೊಂಡೇ ಓಡಾಡುವುದೇಕೆ, ದಂಡವನ್ನು ಇನ್ನೂ ಹೆಚ್ಚಿಸಬೇಕೇ ಎಂದು ಕೇಳಿದ್ದೀರಿ. ಬರೀ ಹೆಚ್ಚಿಸುವುದರಿಂದ ಪ್ರಯೋಜನವಾಗದೆಂಬುದು ನನ್ನ ಅಭಿಪ್ರಾಯ. ಆ ವರ್ಷದ ತಿದ್ದುಪಡಿ ಕಾಯ್ದೆಯು 1,000 ರೂಪಾಯಿ ದಂಡದ ಜೊತೆಗೆ ಮೂರು ತಿಂಗಳ ಕಾಲ ಲೈಸೆನ್ಸ್ ಅನರ್ಹತೆಯನ್ನೂ ಸೇರಿಸಿತು; ಕೆಲವೇ ವಾರಗಳಲ್ಲಿ ಕರ್ನಾಟಕ ಸರ್ಕಾರ ದಂಡವನ್ನು 500ಕ್ಕೆ ಇಳಿಸಿತು. ಆದರೆ ಸವಾರ ಲೆಕ್ಕ ಹಾಕುವುದು ಮೊತ್ತವನ್ನಲ್ಲ, ಸಿಕ್ಕಿಬೀಳುವ ಸಾಧ್ಯತೆಯನ್ನು. ರಾಯಲ್ ವೃತ್ತದಲ್ಲಿ ಪೊಲೀಸರು ಕಂಡೊಡನೆ ತಲೆಗೇರುವ ಹೆಲ್ಮೆಟ್, ಅವರು ಮರೆಯಾದೊಡನೆ ಮತ್ತೆ ಟ್ಯಾಂಕಿಗೆ ಇಳಿಯುವುದನ್ನು ನಾನು ದಿನವೂ ನೋಡುತ್ತೇನೆ. ತಪಾಸಣೆ ವರ್ಷಕ್ಕೆ ನಾಲ್ಕಾರು ದಿನದ ಅಭಿಯಾನವಾಗಿರುವವರೆಗೆ ಈ ಲೆಕ್ಕ ತಪ್ಪುವುದಿಲ್ಲ. ಕ್ಯಾಮೆರಾ ಹಿಡಿದ ಪ್ರತಿ ಉಲ್ಲಂಘನೆಗೂ ಅದೇ ವಾರದಲ್ಲಿ ನೋಟಿಸು ಮನೆಗೆ ಬಂದರೆ 500 ರೂಪಾಯಿಯೇ ಸಾಕು.

ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಸೆಕೆಯ ದೂರನ್ನು ಬರಿಯ ನೆಪವೆಂದು ತಳ್ಳಿಹಾಕಬಾರದು. ಪೊಲೀಸರ ಕಣ್ಣು ತಪ್ಪಿಸಲೆಂದೇ ರಸ್ತೆ ಬದಿಯ ಅಗ್ಗದ ಟೊಪ್ಪಿಗೆ ಕೊಳ್ಳುವ ಬದಲು, ಗಾಳಿಯಾಡುವ ಕಿಂಡಿಗಳಿರುವ ಹಗುರವಾದ ಐಎಸ್‌ಐ ಗುರುತಿನ ಹೆಲ್ಮೆಟ್ ಕೊಂಡು, ಗಲ್ಲದ ಪಟ್ಟಿಯನ್ನು ಬಿಗಿದುಕೊಳ್ಳಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ಬಿದ್ದ ಕ್ಷಣದಲ್ಲೇ ತಲೆಯಿಂದ ಹಾರಿಹೋಗುತ್ತದೆ.

ಶಾಲಾ ಮಕ್ಕಳ ಕೈಗೆ ಸ್ಕೂಟರ್ ಕೊಡುವ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು ಶಿಕ್ಷೆ ಇದೆಯೆಂಬುದು ಎಷ್ಟೋ ಮನೆಗಳಿಗೆ ತಿಳಿದಿಲ್ಲ. ಶಾಲೆಗಳ ಪೋಷಕರ ಸಭೆಯಲ್ಲೇ ಇದನ್ನು ಓದಿ ಹೇಳುವುದರಿಂದ ನಾವು ಆರಂಭಿಸಬಹುದು.