718 ಕೇಮನ್‌ಗೆ ಮುಂದೆ 255 ಅಗಲದ ಟೈರು ಹಾಕಿಸಬಹುದೇ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: 19 ಇಂಚಿನ ರಿಮ್ಮುಗಳಿರುವ ಪೋರ್ಶೆ 718 ಕೇಮನ್ ಕಾರನ್ನು ಎರಡನೆಯ ಮಾಲೀಕರಾಗಿ ಕೊಂಡಿದ್ದೀರಿ, ಮುಂದೆ 235/40, ಹಿಂದೆ 265/40 ಅಳತೆಯ ಟೈರುಗಳಿವೆ (ಮೊದಲ ಅಂಕಿ ಮಿ.ಮೀ.ಗಳಲ್ಲಿ ಟೈರಿನ ಅಗಲ, ಎರಡನೆಯದು ಪಕ್ಕದ ಎತ್ತರ ಆ ಅಗಲದ ಶೇಕಡಾ ಎಷ್ಟು ಎಂಬುದು), ಚಾಮುಂಡಿ ಬೆಟ್ಟದ ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ಮುಂಭಾಗ ಹೊರಕ್ಕೆ ಎಳೆಯುತ್ತದೆ, ಮುಂದೆ 255/35 ಹಾಕಿಸಿದರೆ ಸರಿಹೋಗುವುದೇ ಎಂದು ಕೇಳಿದ್ದೀರಿ. ಮೈಸೂರಿನಲ್ಲಿ ಟೈರು ಮತ್ತು ವೀಲ್ ಅಲೈನ್‌ಮೆಂಟ್ ಕೆಲಸ ಮಾಡುವವನಾಗಿ ನನ್ನ ಅಭಿಪ್ರಾಯ ಹೇಳುತ್ತೇನೆ. ಈಗಿರುವ ರಿಮ್ಮಿನ ಮೇಲೆ 255 ಬೇಡ. 245/40 ಕೂರುತ್ತದೆ. ಆದರೆ ಅದಕ್ಕೆ ದುಡ್ಡು ಹಾಕುವ ಮೊದಲು ಈಗಿರುವ ಟೈರುಗಳ ವಯಸ್ಸನ್ನು ನೋಡಿ.

ಟೈರಿನ ಪಕ್ಕದಲ್ಲಿ ಡಿಒಟಿ ಎಂಬ ಅಚ್ಚಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಅಲ್ಲಿ 2318 ಎಂದಿದ್ದರೆ ಅದು 2018ರ 23ನೇ ವಾರದಲ್ಲಿ ತಯಾರಾದ ಟೈರು. ಇಂಥ ಕಾರುಗಳು ನಮ್ಮಲ್ಲಿ ಓಡುವುದಕ್ಕಿಂತ ಶೆಡ್ಡಿನಲ್ಲಿ ನಿಲ್ಲುವುದೇ ಹೆಚ್ಚಾದ್ದರಿಂದ ಬಟನ್, ಅಂದರೆ ನೆಲ ಮುಟ್ಟುವ ಮೈಯ ಗಾಡಿಗಳ ನಡುವಿನ ಉಬ್ಬು, ಸವೆಯದೆ ಹೊಸದರಂತೆ ಕಾಣುತ್ತದೆ, ಆದರೆ ಒಳಗೆ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ಇನ್ನೊಂದು ವಿಷಯವೂ ಇದೆ. ಹಿಂದಿನ ಚಕ್ರಗಳು ಎಳೆಯುವ ಕಾರಿನಲ್ಲಿ ಹಿಂದಿನ ಜೋಡಿ ಬೇಗ ಸವೆಯುತ್ತದೆ. ಮಾರುವವರು ಹಿಂದಿನ ಎರಡನ್ನು ಮಾತ್ರ ಹೊಸದು ಹಾಕಿಸಿ, ಮುಂದಿನ ಹಳೆಯ ಜೋಡಿಯನ್ನು ಹಾಗೆಯೇ ಬಿಟ್ಟು ಕಾರನ್ನು ಕೈಗೊಪ್ಪಿಸುವುದು ಸಾಮಾನ್ಯ. ಹಿಂದೆ ಹೊಸ ರಬ್ಬರು, ಮುಂದೆ ಆರೇಳು ವರ್ಷದ ರಬ್ಬರು ಇದ್ದರೆ ನೀವು ವಿವರಿಸಿದ ನಡವಳಿಕೆಯೇ ಬರುತ್ತದೆ. ಅದಕ್ಕೆ ಅಗಲವನ್ನು ದೂರುವುದು ಸರಿಯಲ್ಲ.

ಎರಡನೆಯದಾಗಿ ಅಲೈನ್‌ಮೆಂಟ್, ಅಂದರೆ ಚಕ್ರಗಳು ನಿಲ್ಲುವ ಕೋನಗಳ ಹೊಂದಾಣಿಕೆ. ತಿರುವಿನಲ್ಲಿ ಕಾರು ಹೊರಬದಿಗೆ ವಾಲಿದಾಗ ಹೊರಗಿನ ಮುಂಚಕ್ರವೂ ಹೊರಕ್ಕೆ ಒರಗಿ, ಟೈರಿನ ಹೊರ ಅಂಚು ಮಾತ್ರ ದುಡಿಯುತ್ತದೆ, ಒಳ ಅರ್ಧ ಬಹುತೇಕ ಸುಮ್ಮನಿರುತ್ತದೆ. ಚಕ್ರದ ತಲೆಯನ್ನು ಮೊದಲೇ ಸ್ವಲ್ಪ ಒಳಕ್ಕೆ ವಾಲಿಸಿಟ್ಟರೆ, ಅಂದರೆ ನೆಗೆಟಿವ್ ಕ್ಯಾಂಬರ್ ಹೆಚ್ಚಿಸಿದರೆ, ಇರುವ 235 ಮಿ.ಮೀ.ಯೇ ಪೂರ್ತಿಯಾಗಿ ನೆಲಕ್ಕೆ ಒತ್ತಿಕೊಳ್ಳುತ್ತದೆ. ಕಂಪನಿ ಕೊಟ್ಟಿರುವ ಮಿತಿಯೊಳಗೇ ಮುಂದಿನ ಕ್ಯಾಂಬರನ್ನು ಹೆಚ್ಚಿನ ತುದಿಗೆ ಹೊಂದಿಸಿ, ಎಡ ಬಲ ಸಮ ಇರಿಸಿ, ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ, ಸರಿಪಡಿಸಿಕೊಳ್ಳಿ. ಅಲೈನ್‌ಮೆಂಟಿನ ಖರ್ಚು ಒಂದು ಜೊತೆ ಹೊಸ ಟೈರಿನ ಮುಂದೆ ಏನೂ ಅಲ್ಲ, ಫಲ ಮಾತ್ರ ಹಲವು ಬಾರಿ 10 ಮಿ.ಮೀ. ಅಗಲಕ್ಕಿಂತ ಹೆಚ್ಚು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟೇ ತುಂಬಿಸಿ.

ಇಷ್ಟಾದ ಮೇಲೂ ಅಗಲ ಬೇಕೆನಿಸಿದರೆ, ಕಂಪನಿ ಮುಂದೆ ಕಡಿಮೆ ಅಗಲ ಇಟ್ಟದ್ದೇಕೆ ಎಂಬುದನ್ನು ತಿಳಿದುಕೊಳ್ಳಬೇಕು. ಎಂಜಿನ್ ಚಾಲಕನ ಬೆನ್ನ ಹಿಂದೆ ಇರುವ ಈ ಕಾರಿನಲ್ಲಿ ತೂಕದ ಸುಮಾರು ಶೇ. 45 ಭಾಗ ಮಾತ್ರ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಮಿತಿ ಮೀರಿದಾಗ ಮೊದಲು ಮುಂಭಾಗ ಜಾರಿದರೆ ಸಾಮಾನ್ಯ ಚಾಲಕನೂ ಆಕ್ಸಿಲರೇಟರಿನಿಂದ ಕಾಲು ತೆಗೆದು ಉಳಿದುಕೊಳ್ಳುತ್ತಾನೆ. ಮೊದಲು ಹಿಂಭಾಗ ಜಾರಿದರೆ ಅದೇ ಕಾಲು ತೆಗೆಯುವ ಕ್ರಿಯೆ ಕಾರನ್ನು ಗಿರಕಿ ಹೊಡೆಸಬಹುದು. ಮುಂದಿನ ಕಡಿಮೆ ಹಿಡಿತವನ್ನು ಬೇಕೆಂದೇ ಇಡಲಾಗಿದೆ. ಇದೇ ಕಾರಿನ ತೀವ್ರ ರೂಪವಾದ 718 ಕೇಮನ್ ಜಿಟಿ4ನಲ್ಲಿ ಮುಂದೆ 245/35, ಹಿಂದೆ 295/30, ಎರಡೂ 20 ಇಂಚಿನವು. ಮುಂದೆ 10 ಮಿ.ಮೀ. ಕೂಡಿಸುವಾಗ ಕಂಪನಿಯವರು ಹಿಂದೆ 30 ಮಿ.ಮೀ. ಕೂಡಿಸಿದ್ದಾರೆ, ಮುಂದಿನ ರಿಮ್ಮನ್ನೂ ಅರ್ಧ ಇಂಚು ಅಗಲಿಸಿ 8.5 ಮಾಡಿದ್ದಾರೆ. ನೀವು ಕೇಳುತ್ತಿರುವುದು ಮುಂದೆ 20 ಮಿ.ಮೀ., ಹಿಂದೆ ಸೊನ್ನೆ.

ಈಗ ರಿಮ್ಮಿನ ವಿಚಾರಕ್ಕೆ ಬರೋಣ, ಏಕೆಂದರೆ 255 ಸೋಲುವುದು ಇಲ್ಲಿಯೇ. ನಿಮ್ಮ ಮುಂದಿನ ರಿಮ್ಮಿನ ಅಗಲ 8 ಇಂಚು. ಟೈರು ತಯಾರಕರ ಕೋಷ್ಟಕದಲ್ಲಿ 235/40 ಮತ್ತು 245/40 ಅಳತೆಗಳಿಗೆ 8ರಿಂದ 9.5 ಇಂಚಿನ ರಿಮ್ಮು ಒಪ್ಪಿತ, 255/35ಕ್ಕೆ 8.5ರಿಂದ 10 ಇಂಚು. ಕಿರಿದಾದ ರಿಮ್ಮಿಗೆ ಅಗಲದ ಟೈರು ತೊಡಿಸಿದರೆ ಪಕ್ಕಗಳು ಒಳಕ್ಕೆ ಬಾಗಿ, ತಿರುವಿನಲ್ಲಿ ಟೈರು ರಿಮ್ಮಿನ ಮೇಲೆಯೇ ಓಲಾಡುತ್ತದೆ, ಸ್ಟೀರಿಂಗಿನ ಚುರುಕು ಮಂದವಾಗುತ್ತದೆ. ಅಲ್ಲದೆ ರಿಮ್ಮು ಅರ್ಧ ಇಂಚು ಕಿರಿದಾದರೆ ಟೈರಿನ ನಿಜವಾದ ಅಗಲ ಸುಮಾರು 5 ಮಿ.ಮೀ. ಕುಗ್ಗುವುದರಿಂದ ದುಡ್ಡು ಕೊಟ್ಟ ಅಗಲ ಪೂರ್ತಿ ಸಿಗುವುದೂ ಇಲ್ಲ. ಟೈರು ನೆಲ ಮುಟ್ಟುವ ಜಾಗದ ವಿಸ್ತೀರ್ಣ ಬಹುಮಟ್ಟಿಗೆ ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡದಿಂದ ನಿರ್ಧಾರವಾಗುತ್ತದೆ. ಅಗಲ ಹೆಚ್ಚಿಸಿದಾಗ ಆ ಜಾಗ ಅಡ್ಡಕ್ಕೆ ಹಿಗ್ಗಿ ಉದ್ದದಲ್ಲಿ ಕುಗ್ಗುತ್ತದೆ. ಇದರಿಂದ ತಿರುವಿನಲ್ಲಿ ಲಾಭವಿದೆ, ಆದರೆ ಜನ ಅಂದುಕೊಂಡಷ್ಟಿಲ್ಲ.

ಎತ್ತರದ ಲೆಕ್ಕವನ್ನು ನೀವೇ ಮಾಡಬಹುದು. ಅಗಲವನ್ನು ಶೇಕಡಾ ಅಂಕಿಯಿಂದ ಗುಣಿಸಿದರೆ ಪಕ್ಕದ ಎತ್ತರ. ಅದರ ಎರಡರಷ್ಟಕ್ಕೆ ರಿಮ್ಮಿನ 19 ಇಂಚು, ಅಂದರೆ 482.6 ಮಿ.ಮೀ., ಕೂಡಿಸಿದರೆ ಒಟ್ಟು ವ್ಯಾಸ. 235/40ಕ್ಕೆ 670.6, 245/40ಕ್ಕೆ 678.6, 255/35ಕ್ಕೆ 661.1, ನಿಮ್ಮ ಹಿಂದಿನ 265/40ಕ್ಕೆ 694.6 ಮಿ.ಮೀ. ಬರುತ್ತದೆ. ಬ್ರೇಕು ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಮತ್ತು ಕಾರು ಜಾರದಂತೆ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸುತ್ತಲೇ ಇರುವುದರಿಂದ ಮುಂದಿನ ಹಿಂದಿನ ವ್ಯಾಸಗಳ ಅನುಪಾತ ಮುಖ್ಯ. ಈಗ ಹಿಂದಿನದು ಶೇ. 3.6ರಷ್ಟು ದೊಡ್ಡದು, 245/40 ಹಾಕಿದರೆ ಅಂತರ 2.4ಕ್ಕೆ ಇಳಿಯುತ್ತದೆ, 255/35 ಹಾಕಿದರೆ 5.1ಕ್ಕೆ ಏರುತ್ತದೆ. ಈ ಲೆಕ್ಕ ಒಂದರಲ್ಲಿ ಎರಡಕ್ಕೂ ಹೆಚ್ಚು ಕಡಿಮೆ ಅಷ್ಟೇ ಅಂಕ ಕೊಡುತ್ತೇನೆ. ಆದರೆ 255/35ರಿಂದ ಮುಂಭಾಗ ಸುಮಾರು 5 ಮಿ.ಮೀ. ತಗ್ಗುತ್ತದೆ, ಪಕ್ಕದ ರಬ್ಬರೂ ಅಷ್ಟೇ ಕಡಿಮೆಯಾಗುತ್ತದೆ. ಯಾವ ಅಳತೆಗೂ ಸಿಗದ ನಮ್ಮ ಬಡಾವಣೆಗಳ ಹಂಪುಗಳನ್ನೂ ಮಂಡ್ಯದ ಒಳರಸ್ತೆಗಳ ಗುಂಡಿಗಳನ್ನೂ ನೆನೆದರೆ ಆ 5 ಮಿ.ಮೀ. ಬಿಟ್ಟುಕೊಡಲು ನನಗೆ ಮನಸ್ಸಾಗುವುದಿಲ್ಲ. ನಾಲ್ಕೂ ಚಕ್ರಗಳಿಗೆ ಎಳೆತವಿರುವ ಕಾರುಗಳಲ್ಲಿ ಈ ಅನುಪಾತ ಕೆಡಿಸುವ ಮಾತೇ ಬೇಡ.

255ರ ಆಸೆಯಿಂದ ರಿಮ್ಮನ್ನೇ ಬದಲಿಸುವುದಾದರೆ ಆಫ್‌ಸೆಟ್, ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಮಿ.ಮೀ. ಹೊರಕ್ಕಿದೆ ಎಂಬುದನ್ನು, ನೋಡಬೇಕು. ಈಗಿನದು 8 ಇಂಚು, ಆಫ್‌ಸೆಟ್ 57 ಎಂದಿಟ್ಟುಕೊಳ್ಳಿ. ನಿಮ್ಮದು ಎಷ್ಟೆಂದು ರಿಮ್ಮಿನ ಮೇಲಿನ ಅಚ್ಚಿನಲ್ಲಿ ಓದಬಹುದು. 8.5 ಇಂಚು, ಆಫ್‌ಸೆಟ್ 50ರ ರಿಮ್ಮು ಹಾಕಿದರೆ ಒಳ ಅಂಚು ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ, ಹೊರ ಅಂಚು ಮಾತ್ರ 13 ಮಿ.ಮೀ.ಗಿಂತ ತುಸು ಹೆಚ್ಚು ಹೊರಗೆ ಬರುತ್ತದೆ. ಆಗ ಮಡ್‌ಗಾರ್ಡಿನ ಅಂಚಿಗೆ ತಾಗುವುದೇ ಎಂಬುದನ್ನು ಅಳೆದೇ ಹೇಳಬೇಕು.

ಮಳೆಯ ವಿಷಯವನ್ನು ಕೇಳುವವರು ಕಡಿಮೆ, ನಾನು ಮಾತ್ರ ಕೇಳದಿದ್ದರೂ ಹೇಳುತ್ತೇನೆ. 1960ರ ದಶಕದಲ್ಲಿ ನಾಸಾ ವಿಮಾನದ ಟೈರುಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ ಬಂದ ಸೂತ್ರದ ಪ್ರಕಾರ, 33 ಪಿಎಸ್‌ಐ ಗಾಳಿಯ ಟೈರು ನಿಂತ ನೀರಿನ ಮೇಲೆ ತೇಲತೊಡಗುವ ವೇಗ ಗಂಟೆಗೆ ಸುಮಾರು 96 ಕಿ.ಮೀ. ಬಟನ್ ಆಳವಾಗಿರುವವರೆಗೆ ನೀರು ಹೊರಹೋಗಲು ದಾರಿ ಇರುವುದರಿಂದ ಆ ವೇಗ ಮೇಲಕ್ಕೆ ಸರಿಯುತ್ತದೆ, ಸವೆದಂತೆ ಕೆಳಗಿಳಿಯುತ್ತದೆ. ಬೆಂಗಳೂರು ಮೈಸೂರು ಹೆದ್ದಾರಿಯ ಮಿತಿ ಗಂಟೆಗೆ 100 ಕಿ.ಮೀ. ಅಗಲದ ಟೈರು ಅದೇ ಭಾರದಿಂದ ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕು, ಮೊದಲೇ ಹಗುರವಾದ ಮುಂಭಾಗಕ್ಕೆ ಅದು ಇನ್ನೂ ಕಷ್ಟ. ಬೆಟ್ಟದಲ್ಲಿ ಭಕ್ತರೂ ಬಸ್ಸುಗಳೂ ಓಡಾಡುವ ರಸ್ತೆಯ ಮೇಲೆ ಮುಂಭಾಗ ಜಾರುವಷ್ಟು ವೇಗ ನಿಮಗೆ ಹೇಗೆ ಸಿಕ್ಕಿತೋ ತಿಳಿಯದು. ಹೆದ್ದಾರಿಯ ಮಳೆಯಂತೂ ಖಂಡಿತ ಸಿಗುತ್ತದೆ.

ವಿಕ್ರಾಂತ್ ಟೈರು ಕಾರ್ಖಾನೆ ಬೆಳೆದ ಊರಾದ್ದರಿಂದ ಟೈರಿನ ಸಲಹೆಗೆ ಮೈಸೂರಿನಲ್ಲಿ ಬರವಿಲ್ಲ, ಆದರೆ ಲಾರಿ ಟೈರಿನ ಅನುಭವವನ್ನು ಈ ಕಾರಿಗೆ ಹೊಂದಿಸಲು ಬಾರದು. 245/40 ತೆಗೆದುಕೊಳ್ಳುವುದಾದರೆ ಭಾರದ ಅಂಕಿ 92ಕ್ಕಿಂತ, ಅಂದರೆ ಟೈರೊಂದಕ್ಕೆ 630 ಕಿಲೋಗಿಂತ, ಕಡಿಮೆ ಇರಬಾರದು. ಟೈರು ತಾಳುವ ಗರಿಷ್ಠ ವೇಗ ಸೂಚಿಸುವ ಅಕ್ಷರ ವೈ (Y) ಇರಲಿ. ಪೋರ್ಶೆ ಒಪ್ಪಿದ ಟೈರುಗಳ ಮೇಲೆ ಇರುವ ಎನ್ ಗುರುತು ಈ ಅಳತೆಯಲ್ಲಿ ಇಲ್ಲದಿದ್ದರೆ, ಕನಿಷ್ಠ ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಪ್ರಕರಣ ವಾಹನದಲ್ಲಿ ತಯಾರಕರ ವಿವರಗಳಿಗೆ ಹೊಂದದ ಮಾರ್ಪಾಡುಗಳನ್ನು ತಡೆಯುತ್ತದೆ; ಆದ್ದರಿಂದ ಹೊಸ ಅಳತೆಯನ್ನು ವಿಮಾ ಕಂಪನಿಗೆ ಮೊದಲೇ ಬರೆದು ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಟೈರು ತೊಡಿಸಿದ ದಿನ, ಇಬ್ಬರು ಒಳಗೆ ಕುಳಿತಿರುವಾಗ ಸ್ಟೀರಿಂಗನ್ನು ಎರಡೂ ಕೊನೆಗಳವರೆಗೆ ತಿರುಗಿಸಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಟಾರ್ಚ್ ಹಿಡಿದು ನೋಡಿ. 245/40ರ ತ್ರಿಜ್ಯ 4 ಮಿ.ಮೀ. ಹೆಚ್ಚಾದ್ದರಿಂದ ತಾಗುವುದಾದರೆ ಮೊದಲು ಅಲ್ಲಿಯೇ ಗೀರು ಕಾಣಿಸುತ್ತದೆ. ಒಂದು ವಾರ ಓಡಿಸಿದ ಮೇಲೆ ಅದೇ ಜಾಗವನ್ನು ಮತ್ತೊಮ್ಮೆ ನೋಡಿ, ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಪರೀಕ್ಷಿಸಿಕೊಳ್ಳಿ.