ಮೊದಲ ರೈಲು ಪ್ರವಾಸ: ಬೆಟ್ಟದ ರೈಲಿನ ದಿನ ಮೊದಲು ಗೊತ್ತಾಗಲಿ

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 62. ನನ್ನ ಮನೆಯವರಿಗೆ 57. ಅವರಿಗೆ ಮಂಡಿನೋವು ಇದೆ. ಬೆಂಗಳೂರು ಮತ್ತು ಪುಣೆಯಿಂದಾಚೆಗೆ ನಾವಿಬ್ಬರೂ ರೈಲಿನಲ್ಲಿ ಹೋದವರಲ್ಲ. ಬರುವ ಅಕ್ಟೋಬರ್‌ನಲ್ಲಿ 13 ದಿನಗಳ ಬಿಡುವು ಮಾಡಿಕೊಂಡು ದೆಹಲಿ, ಆಗ್ರಾ, ಶಿಮ್ಲಾ, ಕೋಲ್ಕತ್ತ, ಡಾರ್ಜಿಲಿಂಗ್‌ಗಳನ್ನು ರೈಲಿನಲ್ಲಿಯೇ ನೋಡಿಬರಬೇಕೆಂದಿದ್ದೇವೆ. ಏಜೆನ್ಸಿಯವರೊಂದಿಗೆ ಹೋಗಲು ಮನಸ್ಸಿಲ್ಲ. ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಪಟ್ಟಿಯಿಂದ ಎರಡು ಊರುಗಳನ್ನು ತೆಗೆಯುವುದರಿಂದ ಆರಂಭಿಸಿ ಎಂದು ವಿನಂತಿಸುತ್ತೇನೆ. ಕೋಲ್ಕತ್ತ ಮತ್ತು ಡಾರ್ಜಿಲಿಂಗ್ ಬೇರೊಂದು ವರ್ಷಕ್ಕಿರಲಿ. ಐದನ್ನೂ ಸೇರಿಸಿದರೆ ಹದಿಮೂರು ರಾತ್ರಿಗಳಲ್ಲಿ ಅರ್ಧದಷ್ಟು ಬರ್ತಿನ ಮೇಲೆಯೇ ಕಳೆಯುತ್ತವೆ, ಮಂಡಿನೋವಿರುವವರಿಗೆ ಅದು ಪ್ರವಾಸವಾಗದೆ ಶಿಕ್ಷೆಯಾಗುತ್ತದೆ. ಚಂಡೀಗಢ, ಶಿಮ್ಲಾ, ದೆಹಲಿ, ಸಾಧ್ಯವಾದರೆ ಒಂದು ದಿನ ಆಗ್ರಾ: ಇಷ್ಟು ನಿಮ್ಮ ದಿನಗಳಿಗೆ ಸರಿಹೊಂದುತ್ತದೆ.

ಮೊದಲ ಸಲ ಹೊರಡುವವರು ಸಾಮಾನ್ಯವಾಗಿ ದೊಡ್ಡ ಊರಿನ ಟಿಕೆಟ್ ಮಾಡಿಸಿ, ಬೆಟ್ಟದ ರೈಲನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳೋಣವೆಂದು ಬಿಡುತ್ತಾರೆ. ಕಾಲ್ಕಾ–ಶಿಮ್ಲಾ ರೈಲಿನ ಪುಟ್ಟ ಡಬ್ಬಿಗಳಲ್ಲಿ ಸೀಟುಗಳೇ ಕಡಿಮೆ. ರಜೆಯ ದಿನಗಳಲ್ಲಿ ಅವು ಬೇಗನೆ ತುಂಬುತ್ತವೆ. ಆದ್ದರಿಂದ ನೀವು ಯಾವ ದಿನ ಬೆಟ್ಟ ಹತ್ತುತ್ತೀರೆಂಬುದನ್ನು ಮೊದಲು ಕಾಗದದ ಮೇಲೆ ಬರೆದಿಟ್ಟು, ಉಳಿದೆಲ್ಲ ದಿನಾಂಕಗಳನ್ನು ಅದರಿಂದ ಹಿಂದಕ್ಕೂ ಮುಂದಕ್ಕೂ ಎಣಿಸಿಕೊಳ್ಳಿ. 2024ರ ನವೆಂಬರ್‌ನಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60ಕ್ಕೆ ಇಳಿಸಲಾಗಿದೆ. ಪ್ರತಿಯೊಂದು ರೈಲಿಗೂ ಅದರದರ ಪ್ರಯಾಣದ ದಿನದಿಂದ ಲೆಕ್ಕ ಹಾಕಬೇಕಾಗಿರುವುದರಿಂದ, ಹುಬ್ಬಳ್ಳಿಯಿಂದ ಹೊರಡುವ ಟಿಕೆಟ್ ಮೊದಲು ಸಿಗುತ್ತದೆ, ಬೆಟ್ಟದ ರೈಲಿನದು ಕೆಲವು ದಿನಗಳ ನಂತರ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು, ಬೆಳಿಗ್ಗೆ ಎಂಟಕ್ಕೆ ಕೌಂಟರ್ ತೆರೆಯುವ ಹೊತ್ತಿಗೇ ಮಾಡಿಸಿ.

ಹೋಗುವಾಗ ಹುಬ್ಬಳ್ಳಿ, ಬೆಳಗಾವಿ, ಪುಣೆ ಮಾರ್ಗವಾಗಿ ಚಂಡೀಗಢಕ್ಕೇ ಹೋಗುವ ಕರ್ನಾಟಕ ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ನಿಮಗೆ ಅನುಕೂಲ. ಅದು ವಾರದಲ್ಲಿ ಕೆಲವೇ ದಿನ ಓಡುತ್ತದೆ, ದಿನ ನೋಡಿ ಮಾಡಿಸಿ. ಅರವತ್ತು ದಾಟಿದ ಪುರುಷರಿಗೂ ನಲವತ್ತೈದು ದಾಟಿದ ಮಹಿಳೆಯರಿಗೂ ಕೆಳಗಿನ ಬರ್ತಿನ ಕೋಟಾ ಇದೆ. ಅರ್ಜಿಯಲ್ಲಿ ವಯಸ್ಸನ್ನು ಸರಿಯಾಗಿ ಬರೆದು ಆ ಕೋಟಾದಲ್ಲಿಯೇ ಕೇಳಿ. ಹಿರಿಯ ನಾಗರಿಕರ ಟಿಕೆಟ್ ರಿಯಾಯಿತಿ 2020ರಿಂದ ನಿಂತಿರುವುದರಿಂದ ಅದನ್ನು ಖರ್ಚಿನ ಲೆಕ್ಕದಲ್ಲಿ ಸೇರಿಸಬೇಡಿ. ಆನ್‌ಲೈನಿನಲ್ಲಿ ಮಾಡಿಸಿದ ಟಿಕೆಟ್ ಕೊನೆಯ ಚಾರ್ಟ್ (ಪ್ರಯಾಣಿಕರ ಅಂತಿಮ ಪಟ್ಟಿ) ಆಗುವವರೆಗೂ ವೇಟಿಂಗ್ ಲಿಸ್ಟಿನಲ್ಲಿಯೇ ಉಳಿದರೆ ತಾನಾಗಿ ರದ್ದಾಗುತ್ತದೆ, ಅದನ್ನು ಹಿಡಿದು ಹತ್ತುವಂತಿಲ್ಲ. ಆರ್‌ಎಸಿ (ಸದ್ಯಕ್ಕೆ ಕೂರಲು ಸೀಟು, ಬೇರೆಯವರು ರದ್ದು ಮಾಡಿದರೆ ಬರ್ತ್) ಬಂದರೆ ಪ್ರಯಾಣಿಸಬಹುದು, ಆದರೆ ಬರ್ತ್ ಖಾತ್ರಿಯಾಗದಿದ್ದರೆ ಪಕ್ಕದ ಕೆಳ ಬರ್ತಿನಲ್ಲಿ ಇಬ್ಬರೂ ಕುಳಿತೇ ಹೋಗಬೇಕಾಗುತ್ತದೆ. ಎರಡು ರಾತ್ರಿಗೆ ಅದು ನಿಮಗೆ ಆಗದು. ಇನ್ನೊಂದು ಎಚ್ಚರಿಕೆ: ರಾತ್ರಿ ಹನ್ನೆರಡರ ನಂತರ ಹೊರಡುವ ರೈಲಿಗೆ ಮರುದಿನದ ತಾರೀಖು. ನನ್ನ ಬಂಧುವೊಬ್ಬರು ಈ ಒಂದು ವಿಷಯ ತಿಳಿಯದೆ, ಒಂದು ದಿನ ಮುಂಚೆಯೇ ಹೊರಟುಹೋಗಿದ್ದ ರೈಲಿಗಾಗಿ ನಡುರಾತ್ರಿ ಮಕ್ಕಳೊಂದಿಗೆ ಕಾದು ಕುಳಿತಿದ್ದರು.

ಚಂಡೀಗಢ ತಲುಪಿದ ಮರುದಿನವೇ ಬೆಟ್ಟ ಹತ್ತಬೇಡಿ. ದೂರದ ರೈಲು ತಡವಾಗಬಹುದು, ಬೆನ್ನಿಗೂ ಮಂಡಿಗೂ ಒಂದು ಪೂರ್ಣ ದಿನದ ವಿಶ್ರಾಂತಿ ಬೇಕು. ಲ ಕಾರ್ಬೂಸಿಯೆ ರೂಪಿಸಿದ ಆ ನಗರದ ಕ್ಯಾಪಿಟಲ್ ಕಾಂಪ್ಲೆಕ್ಸ್ 2016ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ನೇಕ್ ಚಂದ್ ಕಟ್ಟಿದ ರಾಕ್ ಗಾರ್ಡನ್ ಅದರ ಸಮೀಪದಲ್ಲಿಯೇ ಇದೆ. ಬೆಟ್ಟದ ರೈಲು ಹೊರಡುವ ಕಾಲ್ಕಾ ಚಂಡೀಗಢದಿಂದ ಸುಮಾರು 25 ಕಿ.ಮೀ. ದೂರ.

ಬೆಟ್ಟದ ರೈಲಿಗೆ ಬೆಳಗಿನ ಗಾಡಿಯನ್ನೇ ಆರಿಸಿಕೊಳ್ಳಿ. ಮಧ್ಯಾಹ್ನ ಹೊರಡುವ ಗಾಡಿಯಲ್ಲಿ, ಅಕ್ಟೋಬರ್ ಕೊನೆಯ ಹೊತ್ತಿಗೆ, ದಾರಿಯ ಕೊನೆಯ ಭಾಗ ಕತ್ತಲಾಗಬಹುದು. 1903ರಲ್ಲಿ ತೆರೆದ ಈ ಮಾರ್ಗದ ಉದ್ದ 96 ಕಿ.ಮೀ., ಹಳಿಗಳ ನಡುವಿನ ಅಂತರ ಕೇವಲ 762 ಮಿ.ಮೀ.; ಸಮುದ್ರಮಟ್ಟದಿಂದ 656 ಮೀಟರ್ ಎತ್ತರದ ಕಾಲ್ಕಾದಿಂದ 2,000 ಮೀಟರಿಗೂ ಮೇಲಿರುವ ಶಿಮ್ಲಾಕ್ಕೆ ಅದು 102 ಸುರಂಗಗಳನ್ನೂ ಎಂಟುನೂರಕ್ಕೂ ಹೆಚ್ಚು ಸೇತುವೆಗಳನ್ನೂ ದಾಟಿ, ಐದು ಗಂಟೆಗಳಿಗೂ ಮಿಕ್ಕ ಸಮಯ ತೆಗೆದುಕೊಂಡು ಏರುತ್ತದೆ. ಇವುಗಳಲ್ಲಿ ಅತಿ ಉದ್ದವಾದದ್ದು 1,143 ಮೀಟರಿನ, 33ನೆಯ ಸಂಖ್ಯೆಯ ಬರೋಗ್ ಸುರಂಗ. ಎರಡೂ ತುದಿಗಳಿಂದ ಕೊರೆಯಲಾರಂಭಿಸಿದ ಹಳೆಯ ಸುರಂಗ ನಡುವೆ ಕೂಡಿಕೊಳ್ಳದೆ ಹೋಯಿತೆಂದೂ, ಆ ಸೋಲನ್ನು ಎಂಜಿನಿಯರ್ ಬರೋಗ್ ತಾಳಲಾರದೆ ಹೋದರೆಂದೂ, ಮುಂದೆ ಭಲ್ಕು ಎಂಬ ಸ್ಥಳೀಯ ಸಾಧು ತನ್ನ ಕೋಲಿನಿಂದ ಬಂಡೆಯನ್ನು ತಟ್ಟಿ ತಟ್ಟಿ ದಾರಿ ತೋರಿಸಿದನೆಂದೂ ಅಲ್ಲಿಯವರು ಹೇಳುತ್ತಾರೆ. ಶಿಮ್ಲಾದ ರೈಲು ವಸ್ತುಸಂಗ್ರಹಾಲಯಕ್ಕೆ ಬಾಬಾ ಭಲ್ಕುವಿನ ಹೆಸರನ್ನೇ ಇಟ್ಟಿದ್ದಾರೆ. ಅಳತೆಯ ಉಪಕರಣಗಳಿದ್ದವರ ಹೆಸರಿನೊಂದಿಗೆ, ಬೆಟ್ಟವನ್ನು ಕಾಲಿನಿಂದ ಅರಿತಿದ್ದವನ ಹೆಸರೂ ಉಳಿದಿರುವುದು ನನಗೆ ಬಹಳ ಸಮಾಧಾನ ಕೊಡುವ ಸಂಗತಿ. ಆ ಸುರಂಗ ದಾಟಿದೊಡನೆ ಬರೋಗ್ ನಿಲ್ದಾಣದಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಚಹಾ ಕುಡಿದು ಕಾಲು ಚಾಚಿಕೊಳ್ಳಲು ಅದೇ ಜಾಗ. ಮುಂದೆ ಕನೋಹ್ ಬಳಿ ನಾಲ್ಕು ಅಂತಸ್ತಿನ ಕಲ್ಲಿನ ಕಮಾನುಸೇತುವೆ ಬರುತ್ತದೆ. ದೊಡ್ಡ ಸೂಟ್‌ಕೇಸುಗಳಿಗೆ ಈ ಡಬ್ಬಿಗಳಲ್ಲಿ ಸ್ಥಳವಿಲ್ಲ, ಇಬ್ಬರಿಗೂ ಒಂದೊಂದು ಸಣ್ಣ ಚೀಲ ಸಾಕು.

ಮಳೆಗಾಲ ಕಳೆದ ಮೇಲೆ ಹೊರಡುತ್ತಿರುವುದು ಒಳ್ಳೆಯ ತೀರ್ಮಾನ. 2023ರ ಆಗಸ್ಟ್‌ನಲ್ಲಿ ಸಮ್ಮರ್ ಹಿಲ್ ಬಳಿ ಭೂಕುಸಿತವಾಗಿ, ಹಳಿಯ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ ಹಳಿ ಗಾಳಿಯಲ್ಲಿ ತೂಗುತ್ತಿತ್ತು. ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ, ಆದರೆ ರಾತ್ರಿ ಸ್ವೆಟರು ಶಾಲು ಬೇಕೇ ಬೇಕು.

ಶಿಮ್ಲಾದಲ್ಲಿ ಮೂರು ರಾತ್ರಿ ಇರಿ. ಮಾಲ್ ರಸ್ತೆಗೆ ವಾಹನಗಳಿಗೆ ಪ್ರವೇಶವಿಲ್ಲ. ಕೆಳಗಿನ ಕಾರ್ಟ್ ರೋಡಿನಿಂದ ಮೇಲೇರಲು ಲಿಫ್ಟ್ ಇರುವುದರಿಂದ, ವಸತಿಯನ್ನು ಅದರ ಹತ್ತಿರ ಹಿಡಿದರೆ ನಿಮ್ಮ ಮನೆಯವರಿಗೆ ಏರು ತಪ್ಪುತ್ತದೆ. ಒಂದು ಪೂರ್ವಾಹ್ನವನ್ನು ವೈಸ್‌ರಾಯ್ ನಿವಾಸಕ್ಕೆಂದೇ ಇಟ್ಟುಕೊಳ್ಳಿ. 1888ರಲ್ಲಿ ಪೂರ್ಣಗೊಂಡ ಆ ಕಟ್ಟಡದ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್; ನಮ್ಮ ಮೈಸೂರು ಅರಮನೆಯ ವಿನ್ಯಾಸ ಮಾಡಿದವರೂ ಅವರೇ. ಅರಮನೆಯನ್ನು ಕಂಡಿರುವ ಕಣ್ಣಿಗೆ ಈ ಬೂದುಗಲ್ಲಿನ ಕಟ್ಟಡ ಎಷ್ಟು ಬೇರೆಯಾಗಿ ತೋರುತ್ತದೆಂಬುದನ್ನು ನೀವೇ ನಿಂತು ನೋಡಬೇಕು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್ ಅವರು ರಾಷ್ಟ್ರಪತಿಯಾಗಿದ್ದಾಗ ಅದನ್ನು ವಿದ್ವಾಂಸರಿಗೆ ಬಿಟ್ಟುಕೊಟ್ಟರು. 1965ರಿಂದ ಅಲ್ಲಿ ಭಾರತೀಯ ಉನ್ನತ ಅಧ್ಯಯನ ಸಂಸ್ಥೆಯಿದೆ. ಶಿಕ್ಷಕರಾದ ನಿಮಗೆ ಅದು ಹೆಚ್ಚು ಹಿಡಿಸೀತು.

ಇಳಿಯುವಾಗ ಮತ್ತೆ ಪುಟ್ಟ ರೈಲೇ ಬೇಕೆಂದಿಲ್ಲ. ಕಾಲ್ಕಾದವರೆಗೆ ಟ್ಯಾಕ್ಸಿ, ಅಲ್ಲಿಂದ ಶತಾಬ್ದಿಯಲ್ಲಿ ದೆಹಲಿ. ದೆಹಲಿಯಲ್ಲಿ ನ್ಯೂ ಡೆಲ್ಲಿ, ಹಳೆಯ ದೆಹಲಿ, ಹಜರತ್ ನಿಜಾಮುದ್ದೀನ್, ಆನಂದ ವಿಹಾರ ಎಂದು ಬೇರೆ ಬೇರೆ ನಿಲ್ದಾಣಗಳಿವೆ, ಟಿಕೆಟಿನಲ್ಲಿರುವ ಹೆಸರನ್ನು ಓದಿಯೇ ಆಟೊ ಹತ್ತಿ. ಕೆಂಪುಕೋಟೆಗೆ ಸೋಮವಾರ ರಜೆ, ತಾಜ್‌ಮಹಲಿಗೆ ಶುಕ್ರವಾರ. ಆಗ್ರಾಕ್ಕೆ ನಿಜಾಮುದ್ದೀನ್‌ನಿಂದ ಗತಿಮಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಮರಳಬಹುದು. ಊರಿಗೆ ಬರಲು, ನಿಜಾಮುದ್ದೀನ್‌ನಿಂದಲೇ ಹೊರಡುವ ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಯವರೆಗೆ ತಂದುಬಿಡುತ್ತದೆ. ದೀಪಾವಳಿಯ ಮುಂಚಿನ ವಾರದಲ್ಲಿ ದೆಹಲಿಯ ನಿಲ್ದಾಣಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಅಷ್ಟರೊಳಗೆ ಅಲ್ಲಿಂದ ಹೊರಟಿರಿ.

ಪ್ರಶ್ನೆ: ಐದು ಮತ್ತು ಎಂಟು ವರ್ಷದ ಮಕ್ಕಳಿದ್ದಾರೆ. ಮೊದಲ ಬೆಟ್ಟದ ರೈಲಾಗಿ ಊಟಿಯದು ಆಗಬಹುದೇ?
– ಓದುಗರು, ಮೈಸೂರು

ಉತ್ತರ: ಖಂಡಿತ ಆಗಬಹುದು, ಆದರೆ ಮೆಟ್ಟುಪಾಳ್ಯಂನಿಂದ 46 ಕಿ.ಮೀ. ಪೂರ್ತಿ ಏರುವ ಗಾಡಿ ಬೇಡ; ಐದು ಗಂಟೆಯಷ್ಟು ಹೊತ್ತು ಆ ವಯಸ್ಸಿನ ಮಕ್ಕಳು ಕೂರುವುದಿಲ್ಲ. ಮೈಸೂರಿನಿಂದ ಬಂಡೀಪುರದ ಮೂಲಕ ಹಗಲಿನಲ್ಲಿ ಊಟಿ ತಲುಪಿ, ಮರುದಿನ ಅಲ್ಲಿಂದ ಕೂನೂರಿನವರೆಗಿನ 19 ಕಿ.ಮೀ. ದಾರಿಯನ್ನು ಸುಮಾರು ಒಂದು ಗಂಟೆಯಲ್ಲಿ ಇಳಿದುಬನ್ನಿ. ಎಂಜಿನ್ನಿನ ಹಲ್ಲುಚಕ್ರ ಕಚ್ಚಿ ಹಿಡಿದು ಏರುವ ಹಲ್ಲುಹಳಿಯ ಕಡಿದಾದ ಏರು ಕೂನೂರಿನ ಕೆಳಗಿರುವುದರಿಂದ ಈ ಭಾಗದಲ್ಲಿ ಅದು ಕಾಣಸಿಗುವುದಿಲ್ಲ. ಮೆಟ್ಟುಪಾಳ್ಯಂನಿಂದ ಬರುವ ಗಾಡಿ ಕೂನೂರು ತಲುಪುವ ಹೊತ್ತನ್ನು ವಿಚಾರಿಸಿಕೊಂಡು ಅಲ್ಲಿಯೇ ಕಾದರೆ, ಮಕ್ಕಳು ಎಂಜಿನ್ ಬದಲಾಯಿಸುವುದನ್ನು ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ನೋಡಬಹುದು.